ಫೋನ್ಸರಾನ್ ಲಾಕುಗಳೂ ಅವುಗಳ ಸಂರಕ್ಷಣೆಯೂ

ಪ್ರಾಚೀನ ಸ್ಮಾರಕಗಳ ಸಂರಕ್ಷಣೆಯೆಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುವು ದೇವಾಲಯಗಳು, ಕೋಟೆಕೊತ್ತಲಗಳು, ಶಿಲಾಶಾಸನಗಳು. ಇವುಗಳನ್ನು ಕಾಪಾಡುವ ಬಗೆ ನಮಗೆ ಸುಮಾರಾಗಿ ಗೊತ್ತಿದೆ. ಸುತ್ತಲೂ ಬೇಲಿ ಹಾಕಿ, ಗಿಡಗಂಟಿಗಳನ್ನು ಕಿತ್ತು, ಬಿದ್ದ ಕಲ್ಲನ್ನು ಎತ್ತಿ ನಿಲ್ಲಿಸಿ, ಯಾರೂ ಕೆಡಿಸದಂತೆ ಕಾವಲಿಟ್ಟರೆ ಬಹುಮಟ್ಟಿಗೆ ಕೆಲಸ ಮುಗಿದಂತೆಯೇ ಸರಿ. ಆದರೆ ಕಲ್ಲುಗಾರೆಗಳಿಂದಲೇ ಕಟ್ಟಿದುದಾದರೂ ಸುಮ್ಮನೆ ನಿಲ್ಲದೆ ದಿನದಿನವೂ ದುಡಿಯಬೇಕಾದ ಸ್ಮಾರಕಗಳೂ ಉಂಟು. ಅವನ್ನು ಬೇಲಿಯೊಳಗಿಟ್ಟರೆ ಅವು ಕೆಡುತ್ತವೆ; ಬಳಸಿದರೆ ಸವೆಯುತ್ತವೆ. ಅಂಥವನ್ನು ಕಾಪಾಡುವುದು ಹೇಗೆ? ಈ ಪ್ರಶ್ನೆಯನ್ನು ಒಂದು ನಿಜವಾದ ನಿದರ್ಶನದ ಮೂಲಕ ವಿಚಾರಮಾಡುವುದು ಈ ಉಪನ್ಯಾಸದ ಉದ್ದೇಶ. ನಿದರ್ಶನಕ್ಕಾಗಿ ನಾವು ಆರಿಸಿಕೊಂಡಿರುವುದು ಫ್ರಾನ್ಸ್ ದೇಶದ ದಕ್ಷಿಣದಲ್ಲಿ, ಬೇಜಿಯೇ ಎಂಬ ಊರಿನ ಹೊರಗೆ, ಒಂದು ಗುಡ್ಡದ ಇಳಿಜಾರಿನಲ್ಲಿ ಕಟ್ಟಿರುವ ಫೋನ್ಸರಾನ್ ಲಾಕುಗಳ ಸಾಲು. ಅದು ‘ಕನಾಲ್ ದ್ಯು ಮಿದಿ’ ಎಂಬ ಪ್ರಸಿದ್ಧ ಕಾಲುವೆಯ ಒಂದು ಅಂಗ. ಮುನ್ನೂರು ನಲವತ್ತು ವರ್ಷಗಳಿಗೂ ಮೀರಿದ ವಯಸ್ಸಿನ ಆ ಲಾಕುಗಳು ಇಂದಿಗೂ ದೋಣಿಗಳನ್ನು ಗುಡ್ಡ ಹತ್ತಿಸುತ್ತಿವೆ.

ಮೊದಲು ಲಾಕು ಎಂದರೇನೆಂಬುದನ್ನು ತಿಳಿದುಕೊಳ್ಳೋಣ. ನಮ್ಮ ಸೀಮೆಯ ನಾಲೆಗಳು ಗದ್ದೆ ತೋಟಗಳಿಗೆ ನೀರುಣಿಸುವುದಕ್ಕಾಗಿ ತೋಡಿದವು. ಆದುದರಿಂದ ನಮಗೆ ತೂಬು ಗೊತ್ತು, ಕೋಡಿ ಗೊತ್ತು. ಲಾಕು ಅಷ್ಟಾಗಿ ಪರಿಚಿತವಲ್ಲ. ತೂಬು ನೀರನ್ನು ಬಿಡುವ ಅಥವಾ ತಡೆಯುವ ಸಾಧನ. ಲಾಕಾದರೋ ದೋಣಿಯನ್ನು ಒಂದು ನೀರುಮಟ್ಟದಿಂದ ಇನ್ನೊಂದು ಮಟ್ಟಕ್ಕೆ ಏರಿಸುವ ಇಲ್ಲವೆ ಇಳಿಸುವ ಸಾಧನ. ದೋಣಿ ನಡೆಯತಕ್ಕ ಕಾಲುವೆಯಲ್ಲಿ ನೀರು ಹೆಚ್ಚು ಕಡಿಮೆ ನಿಂತಂತಿರಬೇಕು. ರಭಸದಿಂದ ಹರಿದರೆ ಎದುರು ಹೋಗುವ ದೋಣಿಗೆ ಗತಿಯಿಲ್ಲ. ಆದರೆ ನೆಲ ಎಲ್ಲೆಡೆಯಲ್ಲಿಯೂ ಸಮವಾಗಿರುವುದಿಲ್ಲವಷ್ಟೆ. ಆದುದರಿಂದ ಕಾಲುವೆಯನ್ನು ಸಮಮಟ್ಟದ ತುಂಡುತುಂಡುಗಳಾಗಿ ಮಾಡಿ, ಒಂದು ತುಂಡಿಗೂ ಮುಂದಿನ ತುಂಡಿಗೂ ನಡುವೆ ಲಾಕನ್ನು ಕಟ್ಟುತ್ತಾರೆ. ಲಾಕೆಂದರೆ ಎರಡು ಕಡೆಯೂ ಬಾಗಿಲುಳ್ಳ ಒಂದು ಕಲ್ಲಿನ ತೊಟ್ಟಿ. ಕೆಳಗಿನಿಂದ ಬಂದ ದೋಣಿ ತೊಟ್ಟಿಯೊಳಕ್ಕೆ ಬರುತ್ತದೆ. ಅದರ ಹಿಂದೆ ಕೆಳಬಾಗಿಲನ್ನು ಮುಚ್ಚುತ್ತಾರೆ. ಮೇಲಿನಿಂದ ಸಣ್ಣ ಕಂಡಿಗಳ ಮೂಲಕ ನೀರನ್ನು ಬಿಡುತ್ತಾರೆ. ತೊಟ್ಟಿ ತುಂಬಿದಂತೆಲ್ಲ ದೋಣಿ ಮೇಲಕ್ಕೇರುತ್ತದೆ. ಒಳಗಿನ ನೀರೂ ಮೇಲಿನ ನೀರೂ ಒಂದೇ ಮಟ್ಟಕ್ಕೆ ಬಂದಾಗ ಮೇಲ್ಬಾಗಿಲು ಸುಲಭವಾಗಿ ತೆರೆದುಕೊಳ್ಳುತ್ತದೆ. ಇಳಿಯುವಾಗ ಇದೇ ಕ್ರಮ ತಿರುಗುಮುರುಗು. ದೋಣಿಯನ್ನು ಎತ್ತುವುದಕ್ಕೆ ಮನುಷ್ಯನ ಬಲವಾಗಲಿ, ಎತ್ತು ಕುದುರೆಗಳ ಬಲವಾಗಲಿ, ಇದ್ದಿಲು ಎಣ್ಣೆಗಳಾಗಲಿ ಬೇಡ. ನೀರಿನ ಭಾರವೇ ಸಾಕು.

ಈ ಉಪಾಯ ಹಳೆಯದು. ಚೀನಾ ದೇಶದ ಮಹಾಕಾಲುವೆಯಲ್ಲಿ ಕ್ರಿ.ಶ. 984ರಲ್ಲಿ ಚಿಯಾವೋ ವೆಯ್‌ಯುವೆ ಎಂಬ ಅಧಿಕಾರಿ ಎರಡು ಬಾಗಿಲುಗಳ ನಡುವೆ ನೀರನ್ನು ಏರಿಸಿ ಇಳಿಸುವ ಲಾಕನ್ನು ಕಟ್ಟಿಸಿದನೆಂದು ದಾಖಲೆಯಿದೆ. ಯೂರೋಪಿನಲ್ಲಿ ಹದಿನೈದನೆಯ ಶತಮಾನದ ಇಟಲಿಯಲ್ಲಿ ಈ ವಿದ್ಯೆ ಚೆನ್ನಾಗಿ ಬೆಳೆಯಿತು. ಬಾಗಿಲಿನ ರಚನೆಯಲ್ಲಿಯೂ ಒಂದು ಜಾಣತನವುಂಟು. ಎರಡು ಕದಗಳು ಒಂದೇ ಗೆರೆಯಲ್ಲಿ ಕೂಡದೆ, ಮೇಲಿನ ನೀರಿನ ಕಡೆಗೆ ಮೂತಿಮಾಡಿದ ಕೋನದಲ್ಲಿ ಕೂಡುತ್ತವೆ. ಹೀಗಾಗಿ ನೀರು ಎಷ್ಟು ಬಲವಾಗಿ ಒತ್ತಿದರೆ ಕದಗಳು ಅಷ್ಟು ಬಿಗಿಯಾಗಿ ಮುಚ್ಚಿಕೊಳ್ಳುತ್ತವೆ. ಬಾಗಿಲನ್ನು ಮುರಿಯಬೇಕಾದ ಶಕ್ತಿಯೇ ಬಾಗಿಲಿಗೆ ಅಗುಳಿಯಾಗುತ್ತದೆ.

ಇನ್ನು ಕಾಲುವೆಯ ವಿಚಾರ. ಫ್ರಾನ್ಸಿನ ಪಶ್ಚಿಮಕ್ಕೆ ಅಟ್ಲಾಂಟಿಕ್ ಸಾಗರ, ಆಗ್ನೇಯಕ್ಕೆ ಮೆಡಿಟರೇನಿಯನ್ ಸಮುದ್ರ. ಒಂದರಿಂದ ಇನ್ನೊಂದಕ್ಕೆ ಹಡಗು ಹೋಗಬೇಕಾದರೆ ಸ್ಪೇನ್ ದೇಶವನ್ನು ಸುತ್ತಿ, ಜಿಬ್ರಾಲ್ಟರ್ ಜಲಸಂಧಿಯ ಮೂಲಕ ಬರಬೇಕಾಗಿದ್ದಿತು. ದಾರಿಯುದ್ದಕ್ಕೂ ಬಿರುಗಾಳಿ, ಕಡಲುಗಳ್ಳರು, ಶತ್ರುರಾಜ್ಯದ ತೀರ. ಎರಡು ಕಡಲನ್ನೂ ಒಳನಾಡಿನ ಮೂಲಕ ಕೂಡಿಸಬೇಕೆಂಬ ಆಸೆ ಫ್ರೆಂಚ್ ದೊರೆಗಳಿಗೆ ಬಹುಕಾಲದಿಂದ ಇದ್ದಿತು. ತೂಲೂಸ್ ನಗರದಿಂದ ಗರೋನ್ ನದಿ ಹೇಗೂ ಅಟ್ಲಾಂಟಿಕ್ಕಿನ ಕಡೆಗೆ ಹರಿಯುತ್ತದೆ. ತೂಲೂಸಿನಿಂದ ಮೆಡಿಟರೇನಿಯನ್ನಿನವರೆಗೆ ಕಾಲುವೆ ತೋಡಿದರೆ ದಾರಿ ಪೂರ್ತಿಯಾಗುತ್ತದೆ. ಆದರೆ ನಡುವೆ ನೊರೂಜ್ ಎಂಬ ದಿಣ್ಣೆ, ಸಮುದ್ರಮಟ್ಟದಿಂದ ಸುಮಾರು 620 ಅಡಿ ಎತ್ತರದಲ್ಲಿದೆ. ಲಾಕುಗಳಿಂದ ದೋಣಿಯನ್ನು ಅಷ್ಟೆತ್ತರಕ್ಕೆ ಏರಿಸಬಹುದು, ನಿಜ. ಆದರೆ ಪ್ರತಿಯೊಂದು ದೋಣಿ ದಾಟುವಾಗಲೂ ಲಾಕಿನಿಂದ ಲಾಕಿಗೆ ಲಕ್ಷಾಂತರ ಲೀಟರು ನೀರು ಕೆಳಗಿಳಿದುಹೋಗುತ್ತದೆ. ದಿಣ್ಣೆಯ ಎರಡು ಕಡೆಗೂ ಇಳಿದುಹೋಗುವ ಆ ನೀರನ್ನು ನೆತ್ತಿಯಲ್ಲಿ ತುಂಬಿಕೊಡುವವರು ಯಾರು? ಹಿಂದಿನ ಯೋಜನೆಗಳೆಲ್ಲ ಮುಗ್ಗರಿಸಿದುದು ಇಲ್ಲಿಯೇ.

ಇದಕ್ಕೆ ಉತ್ತರ ಕೊಟ್ಟವನು ಪಿಯೇರ್ ಪಾಲ್ ರಿಕೆ. ಬೇಜಿಯೇ ಆತನ ಹುಟ್ಟೂರು. ಆತ ವೃತ್ತಿಯಿಂದ ಎಂಜಿನಿಯರನಲ್ಲ. ಆ ಪ್ರಾಂತದಲ್ಲಿ ಉಪ್ಪಿನ ಸುಂಕವನ್ನು ಗುತ್ತಿಗೆ ಹಿಡಿದಿದ್ದ ಶ್ರೀಮಂತ. ‘ಕಪ್ಪು ಬೆಟ್ಟ’ವೆಂಬ ಹೆಸರಿನ ಬೆಟ್ಟಗಳಲ್ಲಿ ಹುಟ್ಟುವ ತೊರೆಗಳನ್ನು ಸಣ್ಣ ನಾಲೆಗಳಲ್ಲಿ ಕೂಡಿಸಿ ನೊರೂಜಿಗೆ ತರಬಹುದೆಂದು ಆತ ತೋರಿಸಿದನು. ಬೇಸಗೆಗಾಗಿ ನೀರನ್ನು ಕೂಡಿಡಲು ಸೇಂ ಫೆರಿಯೋಲ್ ಎಂಬಲ್ಲಿ ದೊಡ್ಡ ಅಣೆಕಟ್ಟೊಂದನ್ನು ಕಟ್ಟಿಸಿದನು. ಹದಿನಾಲ್ಕನೆಯ ಲೂಯಿ ದೊರೆ, ಮಂತ್ರಿ ಕೊಲ್ಬೇರನ ಸಲಹೆಯಂತೆ, 1666ರ ಅಕ್ಟೋಬರಿನಲ್ಲಿ ಅಪ್ಪಣೆ ಹೊರಡಿಸಿದನು. 1667ರಲ್ಲಿ ಕೆಲಸ ಮೊದಲಾಯಿತು. ತೂಲೂಸಿನಿಂದ ಕರಾವಳಿಯ ತೋ ಎಂಬ ಉಪ್ಪುನೀರಿನ ಸರೋವರದವರೆಗೆ ಸುಮಾರು 150 ಮೈಲಿ ಉದ್ದ; ಅರವತ್ತಕ್ಕೂ ಮಿಕ್ಕ ಲಾಕು ಕಟ್ಟಡಗಳು. ಕೆಲಸ ಭರದಿಂದ ನಡೆಯುತ್ತಿದ್ದಾಗ ಹನ್ನೆರಡು ಸಾವಿರದಷ್ಟು ಜನ ದುಡಿದರು. ರಿಕೆ ತನ್ನ ಸ್ವಂತ ಹಣವನ್ನೂ ಸಾಲವನ್ನೂ ಇದಕ್ಕೆ ಸುರಿದನು. ಕಾಲುವೆ 1681ರ ಮೇ ತಿಂಗಳಲ್ಲಿ ತೆರೆಯಿತು. ಅದನ್ನು ನೋಡುವ ಭಾಗ್ಯ ಮಾತ್ರ ಆತನಿಗಿರಲಿಲ್ಲ. ಅದಕ್ಕೆ ಏಳೂವರೆ ತಿಂಗಳು ಮುಂಚೆ, 1680ರ ಅಕ್ಟೋಬರ್ 1ರಂದು, ತೀರಿಕೊಂಡಿದ್ದನು.

ಈ ಕಾಲುವೆಯ ಲಾಕುಗಳಿಗೆ ಒಂದು ವಿಶೇಷ ಲಕ್ಷಣವಿದೆ. ಬೇರೆ ಕಡೆಗಳಲ್ಲಿ ಲಾಕಿನ ತೊಟ್ಟಿ ಉದ್ದವಾದ ಪೆಟ್ಟಿಗೆಯಂತಿರುತ್ತದೆ. ಇಲ್ಲಿ ಅದು ಮೊಟ್ಟೆಯಾಕಾರ: ಬಾಗಿಲಿನ ಬಳಿ ಸುಮಾರು 20 ಅಡಿ ಅಗಲ, ನಡುವೆ 36 ಅಡಿ, ಉದ್ದ ಹೆಚ್ಚು ಕಡಿಮೆ 100 ಅಡಿ. ಇದು ಬರಿಯ ಅಂದಕ್ಕಾಗಿ ಮಾಡಿದುದಲ್ಲ. ಮೊದಲು ರಿಕೆಯೂ ನೇರವಾದ ಗೋಡೆಗಳನ್ನೇ ಕಟ್ಟಿಸಿದನು. ಅಂಥ ಗೋಡೆಯೊಂದು ಕುಸಿಯಿತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ತೊಟ್ಟಿ ತುಂಬಿದಾಗ ಒಳಗಿನ ನೀರು ಗೋಡೆಗೆ ಆಸರೆ. ತೊಟ್ಟಿ ಬರಿದಾದೊಡನೆ ಹಿಂದಿನ ಒದ್ದೆಮಣ್ಣು ಗೋಡೆಯನ್ನು ಒಳಕ್ಕೆ ನೂಕುತ್ತದೆ. ದಿನಕ್ಕೆ ಹಲವು ಸಾರಿ ಈ ನೂಕುನುಗ್ಗಲು. ನಮ್ಮ ಹಳ್ಳಿಗಳಲ್ಲಿ ಬಾವಿಯನ್ನು ದುಂಡಗೆ ಕಟ್ಟುವವನಿಗೆ ಇದರ ಮರ್ಮ ಗೊತ್ತು: ದುಂಡುಗೋಡೆಯನ್ನು ಹೊರಗಿನಿಂದ ಒತ್ತಿದಷ್ಟೂ ಕಲ್ಲಿಗೆ ಕಲ್ಲು ಕಚ್ಚಿಕೊಂಡು ನಿಲ್ಲುತ್ತದೆ. ಲಾಕಿನ ಬಾಗಿದ ಗೋಡೆಯೂ ಮಲಗಿಸಿಟ್ಟ ಕಮಾನಿನಂತೆ ಮಣ್ಣಿನ ಭಾರವನ್ನು ಹೊರುತ್ತದೆ. ಆದುದರಿಂದ ಈ ಲಾಕುಗಳ ಆಕಾರವನ್ನು ಕೆಡಿಸುವುದೆಂದರೆ ಅಂದವನ್ನಷ್ಟೇ ಕೆಡಿಸಿದಂತಲ್ಲ; ಅದರೊಳಗಿನ ಬುದ್ಧಿಯನ್ನೂ ಅಳಿಸಿದಂತೆ. ಈ ಮಾತನ್ನು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಈಗ ಫೋನ್ಸರಾನಿಗೆ ಬರೋಣ. ಬೇಜಿಯೇ ಊರಿನ ಬಳಿ ಕಾಲುವೆ ಗುಡ್ಡದ ಮೇಲಿನಿಂದ ಆರ್ಬ್ ನದಿಯ ಮಟ್ಟಕ್ಕೆ ಇಳಿಯಬೇಕಾಗಿದ್ದಿತು. ಇಳಿತ 70 ಅಡಿ. ಇಳಿಯುವುದಕ್ಕೆ ದೊರೆತ ದೂರ ಸಾವಿರ ಅಡಿಯ ಆಸುಪಾಸು. ಒಂದು ಲಾಕಿನಿಂದ ಇನ್ನೊಂದಕ್ಕೆ ನಡುವೆ ಅಂತರ ಬಿಡಲು ಜಾಗವೇ ಇಲ್ಲ. ಆದುದರಿಂದ ಎಂಟು ತೊಟ್ಟಿಗಳನ್ನು ಒಂದಕ್ಕೊಂದು ಅಂಟಿಸಿ ಮೆಟ್ಟಿಲುಮೆಟ್ಟಿಲಾಗಿ ಕಟ್ಟಿದರು. ಒಂದರ ಕೆಳಬಾಗಿಲೇ ಇನ್ನೊಂದರ ಮೇಲ್ಬಾಗಿಲು. ಎಂಟು ತೊಟ್ಟಿಗಳಿಗೆ ಒಂಬತ್ತು ಬಾಗಿಲುಗಳು. ಇದರಿಂದಲೇ ಜನ ಇದನ್ನು ‘ಒಂಬತ್ತು ಲಾಕುಗಳು’ ಎಂದು ಕರೆಯುವ ರೂಢಿ ಬಂದಿತು. ಗುತ್ತಿಗೆ ಹಿಡಿದವರು ಮೆದಾಯ್ ಎಂಬ ಮನೆತನದ ಇಬ್ಬರು ಅಣ್ಣತಮ್ಮಂದಿರು. ಅವರಿಗೆ ಓದುಬರಹ ಬರುತ್ತಿರಲಿಲ್ಲ. ಕಸಬು ಮಾತ್ರ ಕೈಯಲ್ಲಿದ್ದಿತು. ಅವರ ಕೈಕೆಳಗೆ ದುಡಿದವರಲ್ಲಿ ಹೆಣ್ಣಾಳುಗಳೇ ಬಹುಮಂದಿ. ಅಮೆರಿಕದ ವಿದುಷಿ ಚಂದ್ರಾ ಮುಖರ್ಜಿಯವರು ಈ ಕಾಲುವೆಯನ್ನು ಕುರಿತು 2009ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಪಿರಿನೀಸ್ ಬೆಟ್ಟದ ಹಳ್ಳಿಗಳಿಂದ ಬಂದ ಹೆಂಗಸರು ತಮ್ಮ ಊರುಗಳಲ್ಲಿ ಇಳಿಜಾರಿನ ನೀರನ್ನು ತಿರುಗಿಸಿ ನಡೆಸುವ ವಿದ್ಯೆಯನ್ನು ಬಲ್ಲವರಾಗಿದ್ದರೆಂದೂ, ಆ ತಿಳಿವು ಕಾಲುವೆಯ ಕೆಲಸಕ್ಕೆ ಒದಗಿತೆಂದೂ ವಾದಿಸಿದ್ದಾರೆ. ರಿಕೆ ತನ್ನ ಕೂಲಿಗಾರರಿಗೆ ತಿಂಗಳ ಸಂಬಳವನ್ನು ಗೊತ್ತುಮಾಡಿ, ಭಾನುವಾರ, ಹಬ್ಬ, ಮಳೆಯ ದಿನ, ಕಾಯಿಲೆಯ ದಿನಗಳಿಗೂ ಹಣ ಕೊಟ್ಟನೆಂಬುದು ಆ ಕಾಲಕ್ಕೆ ಅಪೂರ್ವವಾದ ಸಂಗತಿ. ಸ್ಮಾರಕದ ಬೆಲೆಯನ್ನು ಕಟ್ಟುವಾಗ ದೊರೆ ಮಂತ್ರಿಗಳ ಹೆಸರಿನೊಡನೆ ಈ ಹೆಸರಿಲ್ಲದವರ ಕೈಗಳನ್ನೂ ನೆನೆಯುವುದು ನ್ಯಾಯ.

ಮೆಟ್ಟಿಲು ಲಾಕಿನಲ್ಲಿ ದೋಣಿ ನಡೆಸುವುದಕ್ಕೆ ಬೇರೆಯೇ ಒಂದು ಶಿಸ್ತು ಬೇಕು. ಮೇಲೇರುವ ದೋಣಿ ಕೆಳಗಿನ ತೊಟ್ಟಿಗೆ ಬಂದಾಗ ಅದರ ಮೇಲಿನ ತೊಟ್ಟಿಗಳೆಲ್ಲ ತುಂಬಿರಬೇಕು. ಏಕೆಂದರೆ ಒಂದರ ನೀರನ್ನು ಇಳಿಸಿಯೇ ಇನ್ನೊಂದನ್ನು ತುಂಬಬೇಕು. ಇಳಿಯುವ ದೋಣಿಗಾದರೆ ಕೆಳಗಿನ ತೊಟ್ಟಿಗಳೆಲ್ಲ ತಗ್ಗಿರಬೇಕು. ಮೇಲಿನ ನೀರು ದೋಣಿಯೊಡನೆ ಒಂದೊಂದೇ ಮೆಟ್ಟಿಲನ್ನು ಇಳಿದುಬರುತ್ತದೆ. ಒಂದು ದೋಣಿ ಇಳಿದ ಮೇಲೆ ಕೂಡಲೇ ಇನ್ನೊಂದನ್ನು ಏರಿಸಬೇಕೆಂದರೆ ಅಷ್ಟೂ ತೊಟ್ಟಿಗಳನ್ನು ಹೊಸದಾಗಿ ತುಂಬಬೇಕು. ನೀರು ವಿಪರೀತವಾಗಿ ಖರ್ಚಾಗುತ್ತದೆ. ಅದಕ್ಕಾಗಿ ಏರುವ ದೋಣಿಗಳಿಗೆ ಒಂದು ಹೊತ್ತು, ಇಳಿಯುವುವಕ್ಕೆ ಇನ್ನೊಂದು ಹೊತ್ತು ಎಂದು ಗೊತ್ತುಮಾಡಿ, ಒಂದರ ಹಿಂದೆ ಒಂದನ್ನು ಬಿಡುತ್ತಾರೆ. ದೋಣಿಗಾರರು ಕಾಯಬೇಕು, ಲಾಕಿನವನ ಮಾತನ್ನು ಕೇಳಬೇಕು. ಕಲ್ಲು ಮತ್ತು ನೀರುಗಳ ಜತೆಗೆ ಇಂಥದೊಂದು ನಡವಳಿಕೆಯೂ ಪರಂಪರೆಯಾಗಿ ಉಳಿದುಬಂದಿದೆ.

ಈ ಲಾಕುಗಳು ಕಟ್ಟಿದಂದಿನಿಂದ ಒಂದೇ ರೀತಿಯಾಗಿ ಉಳಿದಿವೆಯೆಂದು ತಿಳಿಯಬಾರದು. ಮೊದಲು ದೋಣಿಗಳು ಕೊನೆಯ ಮೆಟ್ಟಿಲನ್ನಿಳಿದು ಆರ್ಬ್ ನದಿಗೇ ಇಳಿದು, ನದಿಯಲ್ಲಿಯೇ ಸ್ವಲ್ಪ ದೂರ ಹೋಗಿ, ಆಚೆ ದಡದ ಕಾಲುವೆಯನ್ನು ಸೇರಬೇಕಾಗಿದ್ದಿತು. ಪ್ರವಾಹ ಬಂದಾಗ ದಾರಿ ನಿಲ್ಲುತ್ತಿದ್ದಿತು. ಬೇಸಗೆಯಲ್ಲಿ ನದಿ ಬತ್ತಿದಾಗಲೂ ಕಷ್ಟ. 1858ರಲ್ಲಿ ನದಿಯ ಮೇಲೆ ಕಮಾನುಗಳ ಸೇತುವೆಯನ್ನು ಕಟ್ಟಿ ಕಾಲುವೆಯನ್ನೇ ಅದರ ಮೇಲೆ ಹರಿಸಿದರು. ಅಂದಿನಿಂದ ದೋಣಿಗಳು ಮೆಟ್ಟಿಲುಸಾಲಿನ ಕೆಳಭಾಗದಲ್ಲಿ ಪಕ್ಕಕ್ಕೆ ತಿರುಗಿ ಸೇತುವೆಯ ಕಡೆಗೆ ಹೊರಟುಹೋಗುತ್ತವೆ. ನದಿಗೆ ಇಳಿಯುವ ಅಗತ್ಯ ತಪ್ಪಿತು. ಆ ಸೇತುವೆಯೂ ಇಂದು ಗೌರವದಿಂದ ಕಾಪಾಡುವ ವಸ್ತುವೇ ಆಗಿದೆ. ಎಂದಮೇಲೆ, ಹಳೆಯದಕ್ಕೆ ಹೊಸದನ್ನು ಕೂಡಿಸಿದುದೆಲ್ಲ ಕೇಡೆಂದು ಹೇಳಲಾಗುವುದಿಲ್ಲ. ಕೂಡಿಸಿದ ರೀತಿಯನ್ನು ನೋಡಬೇಕು. ಇಲ್ಲಿ ಹಳೆಯ ತೊಟ್ಟಿಗಳ ಆಕಾರಕ್ಕೆ ಕೈಹಾಕದೆಯೇ ಹಳೆಯ ತೊಂದರೆಯನ್ನು ನೀಗಿಸಿದರು.

ನಿಜವಾದ ಕಂಟಕ ಬಂದುದು ಬೇರೆ ದಿಕ್ಕಿನಿಂದ. ಹತ್ತೊಂಬತ್ತನೆಯ ಶತಮಾನದ ನಡುವೆ ರೈಲುದಾರಿ ಬಂದು ಸರಕನ್ನೂ ಪ್ರಯಾಣಿಕರನ್ನೂ ಸೆಳೆದುಕೊಂಡಿತು. 1879ರಲ್ಲಿ ಫ್ರಾನ್ಸಿನಲ್ಲಿ ಮಂತ್ರಿ ಫ್ರೆಯ್ಸಿನೆಯ ಹೆಸರಿನ ಕಾನೂನು ಬಂದು, ದೇಶದ ಮುಖ್ಯ ಕಾಲುವೆಗಳ ಲಾಕುಗಳು ಸುಮಾರು 128 ಅಡಿ ಉದ್ದದ ದೋಣಿಗೆ ಎಡೆಕೊಡುವಂತಿರಬೇಕೆಂದು ವಿಧಿಸಿತು. ರಿಕೆಯ ಮೊಟ್ಟೆಯಾಕಾರದ ಲಾಕುಗಳಿಗೆ ಅಷ್ಟು ಉದ್ದವಿಲ್ಲ. ಬಹುಕಾಲ ಅವನ್ನು ಹಾಗೆಯೇ ಬಿಟ್ಟಿದ್ದರು. 1970ರ ದಶಕದ ಉತ್ತರಾರ್ಧದಿಂದ 1980ರ ದಶಕದ ಮೊದಲವರೆಗೆ, ಕಾಲುವೆಯನ್ನು ದೊಡ್ಡ ದೋಣಿಗಳಿಗೆ ತಕ್ಕಂತೆ ಮಾಡಬೇಕೆಂಬ ಯೋಜನೆಯಲ್ಲಿ ಎರಡು ತುದಿಗಳಿಂದಲೂ ಕೆಲಸ ನಡೆಯಿತು. ಹಲವು ಲಾಕುಗಳಿಗೆ ಕಾಂಕ್ರೀಟಿನ ಬಾಲ ಜೋಡಿಸಿ ಉದ್ದಮಾಡಿದರು. ಅಷ್ಟರಲ್ಲಿ ಹಣವೂ ಉತ್ಸಾಹವೂ ಕುಗ್ಗಿ, ನಡುವಿನ ಭಾಗಕ್ಕೆ ಕೈಹಾಕುವ ಮೊದಲೇ ಯೋಜನೆ ನಿಂತಿತು. ತುದಿಗಳು ಅಗಲವಾಗಿ ನಡುದಾರಿ ಇಕ್ಕಟ್ಟಾಗಿಯೇ ಉಳಿದ ಮೇಲೆ ದೊಡ್ಡ ದೋಣಿಗೆ ಅದರಿಂದೇನು ಪ್ರಯೋಜನ? ಆ ದಶಕ ಮುಗಿಯುವ ಹೊತ್ತಿಗೆ ಸರಕುದೋಣಿಗಳ ಓಡಾಟವೇ ನಿಂತುಹೋಯಿತು.

ಈ ಯೋಜನೆಯ ಕಾಲದಲ್ಲಿ ಎರಡು ಸ್ಥಳಗಳಲ್ಲಿ ನಡೆದುದನ್ನು ಹೋಲಿಸಿ ನೋಡುವುದು ಬೋಧಪ್ರದವಾಗಿದೆ. ಒಂದು ಆಗ್ದ್ ಎಂಬ ಊರಿನ ದುಂಡುಲಾಕು. ಅಲ್ಲಿ ಮೂರು ನೀರುದಾರಿಗಳು ಕೂಡುತ್ತವೆ: ಬೇಜಿಯೇ ಕಡೆಯಿಂದ ಬರುವ ಕಾಲುವೆ, ಎರೋ ನದಿಯ ಮೇಲ್ಭಾಗ, ಅದೇ ನದಿಯ ಕಡಲ ಕಡೆಯ ಕೆಳಭಾಗ. ಮೂರಕ್ಕೂ ನೀರುಮಟ್ಟ ಬೇರೆ ಬೇರೆ. ರಿಕೆಯ ಕಾಲದವರು ಸುಮಾರು 96 ಅಡಿ ಅಡ್ಡಳತೆಯ ದುಂಡಾದ ತೊಟ್ಟಿಯೊಂದನ್ನು ಆ ಸೀಮೆಯ ಕರಿಯ ಕಲ್ಲಿನಿಂದ ಕಟ್ಟಿ, ಅದಕ್ಕೆ ಮೂರು ಬಾಗಿಲುಗಳನ್ನಿಟ್ಟರು. ದೋಣಿ ಒಂದು ಬಾಗಿಲಿನಿಂದ ಬಂದು, ತೊಟ್ಟಿಯೊಳಗೆ ಸುತ್ತಿ ತಿರುಗಿ, ತನಗೆ ಬೇಕಾದ ಇನ್ನೊಂದು ಬಾಗಿಲಿನಿಂದ ಹೊರಡಬಹುದು. ಜಗತ್ತಿನಲ್ಲಿ ಇದಕ್ಕೆ ಸಾಟಿಯಾದುದು ಬಹಳ ವಿರಳ. ಉದ್ದದ ದೋಣಿಗೆ ತಿರುಗಲು ಎಡೆ ಬೇಕೆಂದು ಈ ವೃತ್ತದ ಒಂದು ಭಾಗವನ್ನು ಒಡೆದು ಹಿಗ್ಗಿಸಿದರು. ಲಾಕು ಇಂದೂ ಕೆಲಸಮಾಡುತ್ತಿದೆ. ಆದರೆ ಅದರ ಪೂರ್ಣವೃತ್ತ ಹೋಯಿತು. ಯಾವ ದೋಣಿಗಳಿಗಾಗಿ ಅದನ್ನು ಒಡೆದರೋ ಆ ದೋಣಿಗಳ ಕಾಲವೇ ಮುಗಿದುಹೋಯಿತು.

ಇನ್ನೊಂದು ನಮ್ಮ ಫೋನ್ಸರಾನ್. ಇಲ್ಲಿ ಹಳೆಯ ಮೆಟ್ಟಿಲುಗಳನ್ನು ಮುಟ್ಟದೆ ಪಕ್ಕದಲ್ಲಿಯೇ ಹೊಸದೊಂದು ಯಂತ್ರವನ್ನು ಕಟ್ಟಿದರು. ಜಾನ್ ಓಬೇರ್ ಎಂಬ ಎಂಜಿನಿಯರ್ ರೂಪಿಸಿದ ‘ನೀರಿನ ಇಳಿಜಾರು’ ಎಂಬ ಸಾಧನ ಅದು. ಇಳಿಜಾರಾದ ಕಾಂಕ್ರೀಟ್ ಕಾಲುವೆಯೊಂದರಲ್ಲಿ ದೊಡ್ಡ ಹಲಗೆಯೊಂದನ್ನು ಯಂತ್ರದಿಂದ ಮೇಲಕ್ಕೆ ನೂಕಿದರೆ, ಹಲಗೆಯ ಮುಂದೆ ನಿಂತ ನೀರೂ ಅದರ ಮೇಲೆ ತೇಲುವ ದೋಣಿಯೂ ಒಟ್ಟಿಗೆ ಮೇಲೇರುತ್ತವೆ. ಇದೇ ಬಗೆಯ ಯಂತ್ರ 1974ರಲ್ಲಿ ಮೊಂತೇಶ್ ಎಂಬಲ್ಲಿ ಮೊದಲು ನಡೆದಿದ್ದಿತು. ಫೋನ್ಸರಾನಿನ ಯಂತ್ರ 1980ರ ದಶಕದ ಮೊದಲಲ್ಲಿ ಸಿದ್ಧವಾಯಿತು. ಅದು ಪದೇಪದೇ ಕೆಟ್ಟಿತು, ದುರಸ್ತಿಯಾಯಿತು, ಮತ್ತೆ ಕೆಟ್ಟಿತು, ಕೊನೆಗೆ ನಿಂತೇಹೋಯಿತು. ಅದರ ಪಕ್ಕದಲ್ಲಿ ಹದಿನೇಳನೆಯ ಶತಮಾನದ ಮೆಟ್ಟಿಲುಗಳಲ್ಲಿ ದೋಣಿಗಳು ಏರುತ್ತ ಇಳಿಯುತ್ತ ಇವೆ. ಇದನ್ನು ಕಂಡು ಹೊಸ ವಿದ್ಯೆಯನ್ನು ಹಾಸ್ಯಮಾಡುವುದು ನಮ್ಮ ಅಭಿಪ್ರಾಯವಲ್ಲ; ಅಂಥ ಪ್ರಯೋಗಗಳಿಲ್ಲದೆ ರಿಕೆಯ ಕಾಲುವೆಯೂ ಆಗುತ್ತಿರಲಿಲ್ಲ. ನಾವು ಗಮನಿಸಬೇಕಾದುದು ಇಷ್ಟು: ಫೋನ್ಸರಾನಿನಲ್ಲಿ ಪ್ರಯೋಗ ಸೋತಾಗ ಹಿಂದಿರುಗುವುದಕ್ಕೆ ಹಳೆಯ ದಾರಿ ಉಳಿದಿದ್ದಿತು. ಆಗ್ದಿನಲ್ಲಿ ಒಡೆದ ವೃತ್ತಕ್ಕೆ ಹಿಂದಿರುಗುವಂತಿಲ್ಲ.

ಇಂಥ ಅನುಭವಗಳ ಬಳಿಕ ಸಂರಕ್ಷಣೆಯ ಕಾನೂನುಗಳು ಒಂದೊಂದಾಗಿ ಬಂದು ಕಾಲುವೆಗೆ ಆಸರೆಯಾದುವು. ಫ್ರಾನ್ಸಿನಲ್ಲಿ ಐತಿಹಾಸಿಕ ಸ್ಮಾರಕಗಳನ್ನು ಕುರಿತ ಮುಖ್ಯವಾದ ಕಾನೂನು 1913ರದು. ಆ ಕಾನೂನಿನಂತೆ ಪಟ್ಟಿಗೆ ಸೇರಿದ ಕಟ್ಟಡವನ್ನು ಸರ್ಕಾರದ ಅನುಮತಿಯಿಲ್ಲದೆ ಕೆಡಹುವುದಾಗಲಿ ಮಾರ್ಪಡಿಸುವುದಾಗಲಿ ಕೂಡದು. 1930ರ ಕಾನೂನೊಂದು ನಿಸರ್ಗರಮ್ಯವಾದ ಸ್ಥಳಗಳಿಗೂ ಇಂಥ ರಕ್ಷಣೆಯನ್ನು ಕೊಟ್ಟಿತು. 1996ರ ಡಿಸೆಂಬರಿನಲ್ಲಿ ಯುನೆಸ್ಕೋ ಸಂಸ್ಥೆ ಕನಾಲ್ ದ್ಯು ಮಿದಿಯನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಒಂದೆರಡು ಲಾಕುಗಳನ್ನು ಮಾತ್ರ ಆರಿಸಿಕೊಳ್ಳದೆ, ನೀರು ತರುವ ನಾಲೆಗಳೂ ಸೇರಿ ಸುಮಾರು 225 ಮೈಲಿಗಳ ಜಲಮಾರ್ಗವನ್ನೂ ಅದರ ಮೇಲಿನ 328 ಕಟ್ಟಡಗಳನ್ನೂ ಒಟ್ಟಾಗಿ ಪರಿಗಣಿಸಿದುದು ಈ ನಿರ್ಣಯದ ಹಿರಿಮೆ. 1997ರಲ್ಲಿ ಕಾಲುವೆಯೂ ಅದರ ದಂಡೆಗಳೂ ರಕ್ಷಿತ ಸ್ಥಳವಾದುವು; 2017ರಲ್ಲಿ ಆ ರಕ್ಷಣೆಯನ್ನು ಸುತ್ತಲಿನ ಹೊಲ ದ್ರಾಕ್ಷಿತೋಟಗಳ ನೋಟಕ್ಕೂ ವಿಸ್ತರಿಸಿದರು. ಕಾಲುವೆಯ ಒಡೆತನ ಸರ್ಕಾರದ್ದು. ಅದನ್ನು ನಡೆಸುವ ಹೊಣೆ ದೇಶದ ಜಲಮಾರ್ಗಗಳ ಸಂಸ್ಥೆಯದು.

ಫೋನ್ಸರಾನ್ ಲಾಕನ್ನು ಕಾಪಾಡಲು ನೂರು ಮೈಲಿ ದೂರದ ನಾಲೆಯನ್ನೂ ಏಕೆ ಪಟ್ಟಿಗೆ ಸೇರಿಸಬೇಕೆಂದು ಕೆಲವರು ಕೇಳಬಹುದು. ಲಾಕಿನ ಜೀವ ನೀರಿನಲ್ಲಿದೆ. ಆ ನೀರು ನೊರೂಜಿನ ನೆತ್ತಿಯಿಂದ ಇಳಿದುಬರಬೇಕು. ನೊರೂಜಿಗೆ ಕಪ್ಪು ಬೆಟ್ಟದ ತೊರೆಗಳಿಂದ ಬರಬೇಕು. ಅಲ್ಲಿ ನಾಲೆ ಹೂಳಿನಿಂದ ಮುಚ್ಚಿದರೆ ಇಲ್ಲಿ ತೊಟ್ಟಿ ಬರಿದಾಗುತ್ತದೆ. ತೊಟ್ಟಿ ಬಹುಕಾಲ ಬರಿದಾಗಿದ್ದರೆ ಮರದ ಅಂಗಗಳು ಬಿರಿಯುತ್ತವೆ, ಗಾರೆ ಉದುರುತ್ತದೆ, ಹಿಂದಿನ ಮಣ್ಣು ಗೋಡೆಯನ್ನು ತಳ್ಳುತ್ತದೆ. ಮಳೆ ಕಡಿಮೆಯಾದ ವರ್ಷಗಳಲ್ಲಿ ಈ ನೀರಿಗಾಗಿ ಹೊಲದ ರೈತನಿಗೂ ದೋಣಿಗೂ ನಡುವೆ ಪೈಪೋಟಿ ಏರ್ಪಡುವುದೂ ಉಂಟು. ಹೀಗೆ, ಲಾಕೊಂದರ ಸಂರಕ್ಷಣೆ ಅದರ ಕಲ್ಲಿನ ಅಂಚಿನಲ್ಲಿ ಮುಗಿಯುವುದಿಲ್ಲ.

ದಿನದ ದುರಸ್ತಿಯ ವಿಚಾರವನ್ನೂ ಹೇಳಬೇಕು. ಬಾಗಿಲುಗಳು ಸದಾ ನೀರಿನಲ್ಲಿ ನೆನೆಯುತ್ತ, ತಿಕ್ಕಾಡುತ್ತ ಇರುವುವು; ಅವನ್ನು ಆಗಾಗ ಬದಲಾಯಿಸದೆ ಗತ್ಯಂತರವಿಲ್ಲ. ಹಿಂದೆ ಲಾಕಿನವರು ಕೈಯಿಂದ ತಿರುಗಿಸುತ್ತಿದ್ದುದನ್ನು ಈಗ ಯಂತ್ರಗಳು ತಿರುಗಿಸುತ್ತವೆ. ಚಳಿಗಾಲದಲ್ಲಿ ಸಂಚಾರವನ್ನು ನಿಲ್ಲಿಸಿ, ಸರದಿಯ ಮೇಲೆ ಕಾಲುವೆಯ ಒಂದೊಂದು ಭಾಗದ ನೀರನ್ನಿಳಿಸಿ, ಬಿರುಕು ಬಿಟ್ಟ ಗೋಡೆಗಳನ್ನೂ ಸವೆದ ಬಾಗಿಲುಗಳನ್ನೂ ಸರಿಪಡಿಸುವುದು ವಾಡಿಕೆ. ಎಂದಮೇಲೆ ಮೂರು ಶತಮಾನಗಳ ಹಿಂದಿನ ಬಾಗಿಲು ಇಂದು ಅಲ್ಲಿಲ್ಲ. ಆ ಬಾಗಿಲು ನಿಂತಿದ್ದ ಸ್ಥಾನ, ಮುಚ್ಚುತ್ತಿದ್ದ ಕೋನ, ಮಾಡುತ್ತಿದ್ದ ಕೆಲಸ ಇವು ಉಳಿದಿವೆ. ನಮ್ಮ ಊರುಗಳಲ್ಲಿ ತೇರಿನ ಚಕ್ರ ಸವೆದರೆ ಹೊಸ ಚಕ್ರ ಹಾಕುತ್ತಾರೆ. ತೇರು ಹಳೆಯದೇ ಎಂದು ಎಲ್ಲರೂ ಒಪ್ಪುತ್ತಾರೆ. ಆದರೆ ಬೀದಿಯನ್ನು ಬಿಟ್ಟು ತೇರನ್ನು ಮನೆಯೊಳಗೆ ನಿಲ್ಲಿಸಿದರೆ ಅದು ತೇರಾಗಿ ಉಳಿಯುವುದೇ ಎಂಬುದು ಯೋಚಿಸಬೇಕಾದ ಮಾತು.

ಕಾಲುವೆಯ ದಂಡೆಗಳ ಮೇಲಿನ ಪ್ಲೇನ್ ಮರಗಳ ಗತಿ ಇನ್ನೊಂದು ಎಚ್ಚರಿಕೆ. ಅವುಗಳಲ್ಲಿ ಬಹುಪಾಲು ಹತ್ತೊಂಬತ್ತನೆಯ ಶತಮಾನದಲ್ಲಿ ನೆಟ್ಟವು. ಒಟ್ಟು ಸುಮಾರು ನಲವತ್ತೆರಡು ಸಾವಿರವಿದ್ದುವು. ಅವುಗಳ ಬೇರು ದಂಡೆಯ ಮಣ್ಣನ್ನು ಹಿಡಿದಿಡುತ್ತಿದ್ದಿತು, ನೆರಳು ನೀರನ್ನು ತಂಪಾಗಿಡುತ್ತಿದ್ದಿತು. 2006ರಲ್ಲಿ ಬೂಷ್ಟು ಜಾತಿಯ ಮಾರಕ ರೋಗವೊಂದು ಇಲ್ಲಿ ಕಾಣಿಸಿಕೊಂಡಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದಿಂದ ಬಂದ ಮದ್ದುಗುಂಡಿನ ಮರದ ಪೆಟ್ಟಿಗೆಗಳೊಡನೆ ಅದು ಫ್ರಾನ್ಸಿಗೆ ಬಂದಿತೆಂದು ನಂಬಲಾಗಿದೆ. ರೋಗ ತಗಲಿದ ಮರವನ್ನು ಕಡಿದು ಸುಡುವುದಲ್ಲದೆ ಬೇರೆ ಮದ್ದಿಲ್ಲ; ದೋಣಿಗಳನ್ನು ಬೇರುಗಳಿಗೆ ಕಟ್ಟುವುದರಿಂದ ಆದ ಗಾಯಗಳ ಮೂಲಕ ಅದು ಹರಡುತ್ತದೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಮರಗಳು ಉರುಳಿವೆ. ಅವುಗಳ ಜಾಗದಲ್ಲಿ ಓಕ್ ಮುಂತಾದ ಬೇರೆ ಜಾತಿಯ ಸಸಿಗಳನ್ನು ನೆಡುತ್ತಿದ್ದಾರೆ. ಪಟ್ಟಿಗೆ ಹೆಸರು ಸೇರಿದ ಮಾತ್ರಕ್ಕೆ ಆಪತ್ತು ದೂರವಾಗುವುದಿಲ್ಲವೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಕೊನೆಯದಾಗಿ ಒಂದು ಆಕ್ಷೇಪಕ್ಕೆ ಉತ್ತರ ಹೇಳಬೇಕಾಗಿದೆ. ಇಂದು ಫೋನ್ಸರಾನ್ ಮೆಟ್ಟಿಲುಗಳನ್ನು ಏರುವುವು ಸರಕಿನ ದೋಣಿಗಳಲ್ಲ, ವಿಹಾರದ ದೋಣಿಗಳು. ದಂಡೆಯ ಮೇಲೆ ನಿಂತು ನೋಡುವವರೂ ವರ್ಷಕ್ಕೆ ಲಕ್ಷಗಟ್ಟಲೆ. ಅವರಿಗಾಗಿ ಆವರಣವನ್ನು ಹಸನುಮಾಡಿ 2017ರಲ್ಲಿ ಮತ್ತೆ ತೆರೆದರು. ಇದು ಬರಿಯ ವಿನೋದಕ್ಕಾಗಿ ಸಾರ್ವಜನಿಕರ ಹಣವನ್ನು ಚೆಲ್ಲಿದಂತಲ್ಲವೇ ಎಂದು ಕೇಳುವವರುಂಟು. ಕಾಲುವೆ ಕಟ್ಟಿದ ಉದ್ದೇಶ ಹೋದುದು ನಿಜ. ಆದರೆ ವಿಹಾರಿಗಳು ಬರುವುದರಿಂದಲೇ ಬಾಗಿಲುಗಳು ತೆರೆಯುತ್ತವೆ, ನೀರು ಚಲಿಸುತ್ತದೆ, ಲಾಕನ್ನು ನಡೆಸುವ ಕಸಬು ಒಬ್ಬರಿಂದ ಒಬ್ಬರಿಗೆ ಬರುತ್ತದೆ. ಕಲ್ಲನ್ನು ಉಳಿಸುವ ಹಣವನ್ನು ಸರ್ಕಾರ ಒದಗಿಸಬಲ್ಲುದು. ಕೈಯ ಅಭ್ಯಾಸವನ್ನು ಬಳಕೆಯೊಂದೇ ಉಳಿಸಬಲ್ಲುದು. ಬಳಕೆ ಮಿತಿಮೀರಿದರೆ ದಂಡೆ ಕುಸಿಯುತ್ತದೆ, ಮರಕ್ಕೆ ಗಾಯವಾಗುತ್ತದೆ ಎಂಬುದೂ ಅಷ್ಟೇ ನಿಜ. ಎರಡನ್ನೂ ತೂಗಿ ನೋಡುವ ಕೆಲಸ ಒಂದು ದಿನದ ಆಜ್ಞೆಯಿಂದ ಮುಗಿಯತಕ್ಕದ್ದಲ್ಲ, ವರ್ಷವರ್ಷವೂ ಮಾಡಬೇಕಾದುದು.

ಇಷ್ಟನ್ನು ನೋಡಿದ ಮೇಲೆ ನಾವು ಮೊದಲು ಎತ್ತಿಕೊಂಡ ಪ್ರಶ್ನೆಗೆ ಉತ್ತರ ಕೊಡಬಹುದು. ದುಡಿಯುವ ಸ್ಮಾರಕದಲ್ಲಿ ಕಾಪಾಡಬೇಕಾದುವು ಮೂರು: ಅದನ್ನು ನಿಲ್ಲಿಸಿರುವ ಆಕಾರ, ಅದಕ್ಕೆ ಜೀವ ಕೊಡುವ ಮೂಲ, ಅದನ್ನು ನಡೆಸುವ ಕೆಲಸ. ಸವೆದ ಅಂಗವನ್ನು ಬದಲಾಯಿಸಬಹುದು, ಹೊಸ ಅಗತ್ಯಕ್ಕೆ ಹೊಸದನ್ನು ಪಕ್ಕದಲ್ಲಿ ಕಟ್ಟಬಹುದು. ಆದರೆ ಮತ್ತೆ ಸರಿಪಡಿಸಲಾಗದಂತೆ ಯಾವುದನ್ನೂ ಒಡೆಯುವ ಮುನ್ನ, ಯಾವ ಅಗತ್ಯಕ್ಕಾಗಿ ಒಡೆಯುತ್ತೇವೆಯೋ ಆ ಅಗತ್ಯ ಎಷ್ಟು ಕಾಲ ಬಾಳೀತೆಂದು ಕೇಳಿಕೊಳ್ಳಬೇಕು. ಆಗ್ದಿನ ವೃತ್ತವನ್ನು ಒಡೆದವರು ಮೂರ್ಖರಲ್ಲ, ದುಷ್ಟರೂ ಅಲ್ಲ. ತಮ್ಮ ಕಾಲದ ಅಗತ್ಯವನ್ನು ಎಲ್ಲ ಕಾಲದ ಅಗತ್ಯವೆಂದು ನಂಬಿದವರು. ಫೋನ್ಸರಾನಿನ ತೊಟ್ಟಿಗಳಲ್ಲಿ ನೀರು ಇಂದು ಹೇಗೆ ಏರಿ ಇಳಿಯುತ್ತಿದೆಯೋ ಹಾಗೆಯೇ ಮುಂದಿನವರಿಗೂ ಕಾಣುವುದೇ ಆದರೆ, ಅದು ಮೆದಾಯ್ ಸಹೋದರರಿಗೂ ಅವರೊಡನೆ ಕಲ್ಲುಮಣ್ಣು ಹೊತ್ತ ಹೆಂಗಸರಿಗೂ ಸಲ್ಲತಕ್ಕ ಗೌರವವಾಗುತ್ತದೆ.